ಒಡ್ಡಿನ ಮೇಲೆ ಒಂದು ಚಳಿಗಾಲದ ನಡಿಗೆ

ಗೋವಾದ ಚೋಡಣ ದ್ವೀಪಕ್ಕೆ ಹಕ್ಕಿ ನೋಡಲು ಹೊರಡುವವರು ಹಿಂದಿನ ರಾತ್ರಿಯೇ ಭರತಿ-ಇಳಿತದ ವೇಳೆ ನೋಡಿಟ್ಟುಕೊಳ್ಳಬೇಕು. ಮಾಂಡವಿಯ ನೀರಿಳಿದು ಕೆಸರು ಬಯಲಾದಾಗಲೇ ಹಿಮಾಲಯದಾಚೆಯಿಂದ ಬಂದ ಗೊರವಗಳು ಹುಳ, ಏಡಿಮರಿ ಹೆಕ್ಕಲು ಇಳಿಯುವುದು. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಅವುಗಳ ಬಿಡಾರ ಇಲ್ಲೇ. ಡಿಸೆಂಬರಿನ ಒಂದು ಭಾನುವಾರ, ಬೆಳಗಿನ ಇಳಿತಕ್ಕೆ ಸರಿಯಾಗಿ ನಾವು ರಾಯಬಂದರದಲ್ಲಿ ಫೆರಿ ಹತ್ತಿದೆವು. ಧಾರವಾಡದ ಗಂಡ-ಹೆಂಡತಿ, ಚೋಡಣದಲ್ಲೇ ಹುಟ್ಟಿ ಬೆಳೆದ ನನ್ನ ಸಹೋದ್ಯೋಗಿ, ಕುಮಟಾ ಕಡೆಯಿಂದ ಕೆಲಸಕ್ಕೆಂದು ಪಣಜಿಗೆ ಬಂದ ನಾನು.

ಫೆರಿ ಇಳಿದರೆ ಪಕ್ಕದಲ್ಲೇ ಡಾ. ಸಲೀಂ ಅಲಿ ಪಕ್ಷಿಧಾಮ. 1.78 ಚದರ ಕಿಲೋಮೀಟರಿನ ಪುಟ್ಟ ಜಾಗ, ಬಹುಪಾಲು ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಉಸಿರಾಡಲೆಂದು ಕೆಸರಿನಿಂದ ಮೇಲೆದ್ದ ಬೇರುಗಳು ದಾರಿಯ ಎರಡೂ ಬದಿಗೆ ಒತ್ತೊತ್ತಾಗಿ ನಿಂತಿರುತ್ತವೆ. ಸಹೋದ್ಯೋಗಿ ಉಪ್ಪಟಿ ಗಿಡದ ಎಲೆಯೊಂದನ್ನು ಬಗ್ಗಿಸಿ ತೋರಿಸಿದಳು. ಮೇಲೆಲ್ಲ ಸಣ್ಣ ಬಿಳಿ ಹರಳು. ಬೆರಳಿಂದ ಒರೆಸಿ ನಾಲಗೆಗೆ ಇಟ್ಟರೆ ಅಪ್ಪಟ ಉಪ್ಪು. ಬೇರು ಹೀರಿದ ನೀರಿನಲ್ಲಿ ಹೆಚ್ಚಾದ ಉಪ್ಪನ್ನು ಗಿಡ ಎಲೆಯ ಗ್ರಂಥಿಗಳಿಂದ ಹೊರಗೆ ಹಾಕುತ್ತದೆ. ಹಾಗಾಗಿಯೇ ಬೇರೆ ಗಿಡಗಳು ಸುಟ್ಟುಹೋಗುವ ನೀರಿನಲ್ಲಿ ಅದು ಹಸಿರಾಗಿ ನಿಲ್ಲುತ್ತದೆ.

ಪಕ್ಷಿಧಾಮ ಮುಗಿಸಿ ಊರಿನ ಹಿಂದಿನ ಗದ್ದೆಬಯಲಿಗೆ ಬಂದೆವು. ನನಗೆ ಗೋವಾ ಹತ್ತಿರವಾದದ್ದು ಈ ಬಯಲಿನಲ್ಲಿ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಭರತಿಯ ಮಟ್ಟಕ್ಕಿಂತ ತಗ್ಗಿನಲ್ಲಿರುವ ಗದ್ದೆ, ನಡುವೆ ಮಣ್ಣು ಕಲ್ಲಿನ ಒಡ್ಡು. ಇಲ್ಲಿಯವರು ಇಂಥ ಭೂಮಿಗೆ ಖಾಜನ್ ಎನ್ನುತ್ತಾರೆ. ಗೋವಾದಲ್ಲಿ ಸುಮಾರು 18 ಸಾವಿರ ಹೆಕ್ಟೇರ್ ಖಾಜನ್ ಇದೆಯೆಂದು ಲೆಕ್ಕ. ಸಾವಿರ ವರ್ಷಕ್ಕೂ ಹಿಂದಿನ ತಾಮ್ರಶಾಸನದಲ್ಲೇ ಅದರ ಮಾತು ಬರುತ್ತದೆ.

ಒಡ್ಡಿನ ಜೀವ ಇರುವುದು ಅದರ ತೂಬಿನಲ್ಲಿ. ಹೆಸರು ಮಾನಸ್. ಕಲ್ಲಿನ ಕಂಡಿಗೆ ಹೊಳೆಯ ಕಡೆಗಷ್ಟೇ ತೆರೆಯುವ ಮರದ ಬಾಗಿಲು. ಇಳಿತದಲ್ಲಿ ಹೊಳೆ ತಗ್ಗಿದರೆ ಒಳಗಿನ ನೀರು ಬಾಗಿಲನ್ನು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಭರತಿ ಏರಿದರೆ ಹೊರಗಿನ ನೀರೇ ಅದನ್ನು ಒತ್ತಿ ಮುಚ್ಚುತ್ತದೆ. ಕಾವಲಿಲ್ಲ, ಕರೆಂಟಿಲ್ಲ, ದಿನಕ್ಕೆ ಎರಡು ಸಲ ತಂತಾನೇ ಈ ಕೆಲಸ. ಮಳೆಗಾಲದಲ್ಲಿ ಮಳೆನೀರು ಗದ್ದೆಯ ಉಪ್ಪು ತೊಳೆದು ಇದೇ ಬಾಗಿಲಿನಿಂದ ಹೋದ ಮೇಲೆ ಭತ್ತ. ಕುಯ್ಲು ಮುಗಿದ ಮೇಲೆ ಒಳಗಿನ ಕೊಳದ ಸಿಗಡಿ, ಮೀನು. ಇಳಿತದ ಹೊತ್ತಿಗೆ ತೂಬಿನ ಬಾಯಿಗೆ ಬಲೆ ಕಟ್ಟಿದರೆ ಆಯಿತು.

ಮಾನಸಿನ ಕಟ್ಟೆಯ ಮೇಲೆ ಕೂತು ಪಾವ್-ಭಾಜಿ ತಿನ್ನುತ್ತಿದ್ದಾಗ ಧಾರವಾಡದವರು ಹೊಳೆಯನ್ನೇ ನೋಡುತ್ತ, 'ಅಕ್ಕಾರ, ನೀರು ಉಲ್ಟಾ ಹರಿಲಿಕ್ಕತ್ತದಲ್ರೀ!' ಎಂದರು. ಹೌದು, ಭರತಿ ಶುರುವಾಗಿತ್ತು. ಖಾನಾಪುರದ ಭೀಮಗಡದ ಕಾಡಿನಲ್ಲಿ ಹುಟ್ಟಿ ಮಹದಾಯಿ ಎನಿಸಿಕೊಂಡು ಬಂದ ಮಾಂಡವಿ ಹೊಳೆ ಇಲ್ಲಿ ಮೂಡಣಕ್ಕೆ ಹೊರಳಿತ್ತು. ಸ್ವಲ್ಪ ಹೊತ್ತಿಗೆ ನಮ್ಮ ಕಾಲಬುಡದಲ್ಲಿ ಬಾಗಿಲು ಮೆಲ್ಲಗೆ ಅಲುಗಾಡಿ, ಧಡ್ ಎಂದು ಮುಚ್ಚಿಕೊಂಡಿತು.

ಒಡ್ಡಿನ ಮೇಲೆಯೇ ನೀರುನಾಯಿಯ ಹಿಕ್ಕೆ ಸಿಕ್ಕಿತು. ಒಣಗಿದ್ದರೂ ಮೀನುವಾಸನೆ, ಒಡೆದರೆ ಒಳಗೆ ಮೀನಿನ ಹುರುಪೆ, ಏಡಿಚಿಪ್ಪಿನ ಚೂರು. ಕುಯ್ದ ಗದ್ದೆಯ ಕೂಳೆಗಳ ನಡುವೆ ಗದ್ದೆಗೊರವ, ಬೆಳ್ಳಕ್ಕಿ. ಕಾಂಡ್ಲಾ ತುದಿಯಲ್ಲಿ ಕೊರಳಲ್ಲಿ ಬಿಳಿ ಪಟ್ಟಿಯ ಮಿಂಚುಳ್ಳಿ. ದುರ್ಬೀನಿನಲ್ಲಿ ಇದೆಲ್ಲ ಯಾರೂ ಮುಟ್ಟದ ಪ್ರಕೃತಿಯಂತೆ ಕಾಣುತ್ತದೆ. ಆದರೆ ಈ ಗದ್ದೆಬಯಲಿನ ಹಕ್ಕಿ, ನೀರುನಾಯಿಗಳ ಊಟ ನಿಂತಿರುವುದು ರೈತ ವರ್ಷವರ್ಷ ಮಣ್ಣು ಮೆತ್ತಿ ಉಳಿಸಿಕೊಂಡ ಒಡ್ಡಿನ ಮೇಲೆ. ಹಕ್ಕಿಗಳ ಪಟ್ಟಿ ಬರೆಯುವವರು ಅದರ ಕೆಳಗೆ ಒಡ್ಡಿನ ಸ್ಥಿತಿಯನ್ನೂ ಬರೆಯಬೇಕೆಂದು ನನ್ನ ಆಗ್ರಹ.

ಮೊದಲು ಒಡ್ಡು ಕಾಯುವ ಹೊಣೆ ಊರಿನ ಜಮೀನನ್ನು ಒಟ್ಟಾಗಿ ನೋಡಿಕೊಳ್ಳುತ್ತಿದ್ದ ಗಾಂವ್ಕಾರಿ ಕೂಟದ್ದು. ಪೋರ್ಚುಗೀಸರು 1526ರ ಸನ್ನದಿನಲ್ಲಿ ಈ ಪದ್ಧತಿಯನ್ನು ಬರಹಕ್ಕಿಳಿಸಿದರು. ಮುಂದೆ ಅದೇ ಕೊಮುನಿದಾದ್ ಎನಿಸಿತು. ತೂಬಿನ ಮೀನಿನ ಹರಾಜಿನ ಹಣ ಒಡ್ಡಿನ ದುರಸ್ತಿಗೆ ಒದಗುತ್ತಿತ್ತು. 1964ರ ಗೇಣಿ ಕಾಯ್ದೆ, ಅದರ ಮುಂದಿನ ತಿದ್ದುಪಡಿಗಳಿಂದ ಗೇಣಿದಾರರಿಗೆ ಹಕ್ಕು ಬಂತು, ಅದು ನ್ಯಾಯವೇ. ಒಡ್ಡಿನ ಹೊಣೆ ಗೇಣಿದಾರರ ಸಂಘಗಳಿಗೆ ಬಂದರೂ ಹಳೆಯ ಕಟ್ಟು ಎಷ್ಟೋ ಕಡೆ ಸಡಿಲಾಯಿತು. ಸಿಗಡಿಗೆ ಭತ್ತಕ್ಕಿಂತ ಹೆಚ್ಚು ಬೆಲೆ. ಬಾಗಿಲು ತೆರೆದಿಟ್ಟು ಉಪ್ಪುನೀರು ಬಿಟ್ಟುಕೊಂಡವರೂ ಇದ್ದಾರೆ. ಒಮ್ಮೆ ಒಡ್ಡು ಒಡೆದು ಗದ್ದೆಯೊಳಗೆ ಕಾಂಡ್ಲಾ ಎದ್ದಿತೆಂದರೆ ಅದನ್ನು ಕಡಿಯಲು ಕಾನೂನು ಬಿಡುವುದಿಲ್ಲ. ಹೊಳೆಯಂಚಿನ ಕಾಂಡ್ಲಾ ತೆರೆಯ ಹೊಡೆತ ತಡೆದು ಒಡ್ಡನ್ನು ಕಾಯುತ್ತದೆ, ಅದು ಇರಲೇಬೇಕು. ಗದ್ದೆ ನುಂಗಿದ ಕಾಂಡ್ಲಾದ ಕಥೆ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ರೈತ ಕೈಚೆಲ್ಲುತ್ತಾನೆ.

ನಮ್ಮ ಅಘನಾಶಿನಿ ದಡದಲ್ಲೂ ಇದೇ ಕಥೆ. ನಾವು ಗಜನಿ ಎನ್ನುವ ಭೂಮಿಯಲ್ಲಿ ಬೆಳೆಯುತ್ತಿದ್ದುದು ಕಗ್ಗ ಭತ್ತ. ಉಪ್ಪುನೀರು ತಾಳಿಕೊಂಡು ಆಳೆತ್ತರ ಬೆಳೆಯುವ ತಳಿ. ಗೊಬ್ಬರ, ಔಷಧಿ ಬೇಡ. ಅಲ್ಲೂ ಸಿಗಡಿ ಗುತ್ತಿಗೆ ಬಂದಮೇಲೆ ಕಗ್ಗ ಹಿಂದೆ ಸರಿಯಿತು. ಮಾಣಿಕಟ್ಟಾದ ರೈತರು ಒಟ್ಟಾಗಿ ಬಿತ್ತಿ ಬೀಜ ಉಳಿಸಿಕೊಂಡರು. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿದಾಗ ಪೇಪರಿನಲ್ಲಿ ಬಂದದ್ದು ಬರೀ ಹಕ್ಕಿಗಳ ಚಿತ್ರ.

ಒಡ್ಡು ಮುಗಿಯುವಲ್ಲಿ ಏಡಿ ಕೊರೆದ ತೂತಿಗೆ ಹುಲ್ಲು ತುರುಕಿ ಮಣ್ಣು ಮೆತ್ತುತ್ತಿದ್ದ ಹಿರಿಯರೊಬ್ಬರು ಸಿಕ್ಕರು. ಕೊಂಕಣಿಯಲ್ಲಿ ಮಾತಾಡಿಸಿದೆ. ಮಳೆಗೆ ಮುಂಚೆ, ಮೇ ತಿಂಗಳಲ್ಲಿ ದೊಡ್ಡ ದುರಸ್ತಿ ಇದೆಯಂತೆ, ಆಳು ಸಿಗುವುದಿಲ್ಲವಂತೆ. ಧಾರವಾಡದವರಿಗೆ ಕನ್ನಡದಲ್ಲಿ ಹೇಳಿದೆ. 'ಬುಟ್ಟಿ ಹೊರೂದು ನಮಗ ಬರ್ತದ್ರೀ, ತಾರೀಖು ಕೇಳ್ರಿ' ಎಂದರು. ಕೇಳಿದೆ. ಅಮಾವಾಸ್ಯೆ-ಹುಣ್ಣಿಮೆಯ ದೊಡ್ಡ ಭರತಿ ಬಿಟ್ಟು, ನಡುವಿನ ದಿನಗಳಲ್ಲಿ ಬರಬೇಕಂತೆ.