ಕಡತ ಬೆಂಗಳೂರಿನಲ್ಲಿ, ಕಾಗದ ಹಿರಿಯಡ್ಕದಲ್ಲಿ

"ಸರ್ವರ್ ಇಲ್ಲ ಮಾರಾಯ್ರೆ, ಮಧ್ಯಾಹ್ನ ಮೇಲೆ ಬನ್ನಿ." ಹಿರಿಯಡ್ಕ ಪೇಟೆಯಲ್ಲಿ ಈ ಮಾತು ಕೇಳದವರು ಕಡಿಮೆ. ಆರ್‌ಟಿಸಿಗೆಂದು, ಅಂದರೆ ಜಮೀನಿನ ಪಹಣಿಗೆಂದು, ಪೆರ್ಡೂರು ಕಡೆಯಿಂದ ಬಸ್ಸಿನಲ್ಲಿ ಬಂದವರು, ಮಗಳ ಕಾಲೇಜಿನ ಅರ್ಜಿ ಪ್ರಿಂಟ್ ಹಾಕಿಸಲು ಬಂದವರು, ಎಲ್ಲರೂ ತಲೆಯಾಡಿಸಿ ಹೊರಡುತ್ತಾರೆ. ಸರ್ವರ್ ಕೈಕೊಡುವ ದಿನಗಳಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಅದರ ತಲೆಗೆ ಕಟ್ಟುವ ತಪ್ಪುಗಳಲ್ಲಿ ಬಹಳಷ್ಟು ನಮ್ಮದೇ ಮೇಜಿನ ಮೇಲಿರುತ್ತವೆ.

2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದವ ನಾನು. ಕೆಲಸ ಈಗಲೂ ಬೆಂಗಳೂರಿನ ಕಚೇರಿಯ ಕಂಪ್ಯೂಟರಿನಲ್ಲಿ, ಕೂರುವುದು ಮಾತ್ರ ಇಲ್ಲಿ. ಮನೆಯಲ್ಲಿ ಪ್ರಿಂಟರ್ ಉಂಟು ಎಂಬ ಸುದ್ದಿ ಹಬ್ಬಿದ ಮೇಲೆ ನೆರೆಕರೆಯವರ ಕಾಗದಪತ್ರಗಳೂ ನನ್ನ ಪಾಲಿಗೇ ಬಂದವು. ಜೊತೆಗೆ ಅವರ ನಂಬಿಕೆಗಳೂ. ಕೆಲವು ನನ್ನವೂ ಆಗಿದ್ದವು.

"ದೂರದ ಕಂಪ್ಯೂಟರ್ ನನ್ನ ಪ್ರಿಂಟರಿಗೆ ನೇರವಾಗಿ ಕಳಿಸುತ್ತದೆ"

ಇಲ್ಲ. ಬೆಂಗಳೂರಿನ ಕಂಪ್ಯೂಟರಿಗೆ ನನ್ನ ಪ್ರಿಂಟರ್ ಕಾಣುವುದೇ ಇಲ್ಲ. ಕಾಣುವುದು ನನ್ನ ಲ್ಯಾಪ್‌ಟಾಪ್ ಹೇಳಿದ ಒಂದು ಹೆಸರು ಮಾತ್ರ. ರಿಮೋಟ್ ಡೆಸ್ಕ್‌ಟಾಪಿನಲ್ಲಿ ಒಳಹೋಗುವಾಗ 'ಲೋಕಲ್ ರಿಸೋರ್ಸಸ್' ಎಂಬಲ್ಲಿ ಪ್ರಿಂಟರ್ಸ್ ಎದುರು ಟಿಕ್ ಇದ್ದರೆ, ನಮ್ಮ ಪ್ರಿಂಟರಿನ ಹೆಸರು ಅಲ್ಲಿನ ಪಟ್ಟಿಗೆ ಸೇರುತ್ತದೆ, ಬಾಲದಲ್ಲಿ 'ರಿಡೈರೆಕ್ಟೆಡ್' ಎಂಬ ಪದ ಮತ್ತು ಒಂದು ಸಂಖ್ಯೆಯೊಂದಿಗೆ. ಪ್ರಿಂಟ್ ಒತ್ತಿದಾಗ ಅಲ್ಲಿನ ಕಂಪ್ಯೂಟರ್ ಪುಟವನ್ನು ಸಿದ್ಧಮಾಡಿ, ಪರದೆಯ ಚಿತ್ರ ಬರುತ್ತಿರುವ ಅದೇ ದಾರಿಯಲ್ಲಿ ನನ್ನ ಲ್ಯಾಪ್‌ಟಾಪಿಗೆ ದಾಟಿಸುತ್ತದೆ. ಪ್ರಿಂಟರಿಗೆ ಒಪ್ಪಿಸುವ ಕೆಲಸ ಲ್ಯಾಪ್‌ಟಾಪಿನದ್ದು.

ಮೊದಲು ನಮ್ಮ ಪ್ರಿಂಟರಿನ ಡ್ರೈವರ್ ದೂರದ ಕಂಪ್ಯೂಟರಿನಲ್ಲೂ ಇರಬೇಕಿತ್ತು. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಕೆಲಸ ಕೆಡುತ್ತಿತ್ತು. ವಿಂಡೋಸ್ ಸರ್ವರ್ 2008ರಲ್ಲಿ 'ಈಸಿ ಪ್ರಿಂಟ್' ಬಂದ ಮೇಲೆ ಆ ರಗಳೆ ಕಡಿಮೆಯಾಯಿತು. ಡ್ರೈವರ್ ಈಗ ನಮ್ಮ ಕಡೆ ಸರಿ ಇದ್ದರೆ ಸಾಕು.

ಇದು ಗೊತ್ತಿಲ್ಲದೆ ಮರ್ಯಾದೆ ಕಳೆದುಕೊಂಡದ್ದು ಹೇಳಿಯೇ ಬಿಡುತ್ತೇನೆ. ಆ ಟಿಕ್ ಹಾಕದೆ ಒಂದು ದಿನ ನನ್ನ ಸಂಬಳದ ಚೀಟಿಗೆ ಪ್ರಿಂಟ್ ಕೊಟ್ಟೆ. ಇಲ್ಲಿ ಏನೂ ಬರಲಿಲ್ಲ. ಮತ್ತೆ ಕೊಟ್ಟೆ. ಮೂರನೆಯ ಸಲ ಕೊಟ್ಟ ಮೇಲೆ ಫೋನ್ ಬಂತು: "ಸಾರ್, ಇಲ್ಲಿ ರಿಸೆಪ್ಶನ್ ಪ್ರಿಂಟರಿನಲ್ಲಿ ನಿಮ್ಮ ಸ್ಯಾಲರಿ ಸ್ಲಿಪ್ ಮೂರು ಕಾಪಿ ಬಂದಿದೆ, ಎತ್ತಿಡ್ಲಾ?" ಕಚೇರಿಯ ಕಂಪ್ಯೂಟರಿಗೆ ಡಿಫಾಲ್ಟ್ ಪ್ರಿಂಟರ್ ಎಂದರೆ ಕಚೇರಿಯದ್ದೇ. ಪಾಪ, ಅದು ಹೇಳಿದಷ್ಟು ಮಾಡಿತ್ತು.

ಇನ್ನೊಂದು: ಪ್ರಿಂಟ್ ಕೊಟ್ಟ ಕೂಡಲೇ ರಿಮೋಟ್ ಕಿಟಕಿ ಮುಚ್ಚಬೇಡಿ. ಆ ಹೆಸರಿಗೆ ಜೀವ ಇರುವುದು ಸಂಪರ್ಕ ಇರುವ ತನಕ. ಮೂವತ್ತು ಪುಟದಲ್ಲಿ ಹನ್ನೊಂದು ಬಂದು ನಿಂತರೆ ಬೈಯಬೇಕಾದದ್ದು ಪ್ರಿಂಟರನ್ನಲ್ಲ.

"ವೈಫೈ ಪ್ರಿಂಟರ್ ತಾನೇ, ಎಲ್ಲಿಂದಲೂ ಪ್ರಿಂಟ್ ಕೊಡಬಹುದು"

ವೈಫೈ ಎಂದರೆ ಮನೆಯೊಳಗಿನ ಮಾತು. ಪ್ರಿಂಟರಿಗೆ ರೂಟರ್ ಕೊಡುವ ವಿಳಾಸ ಸಾಮಾನ್ಯವಾಗಿ 192.168 ಎಂದು ಶುರುವಾಗುತ್ತದೆ. ನಮ್ಮ ಊರುಗಳ 'ಹೊಸಮನೆ' ಇದ್ದ ಹಾಗೆ ಅದು. ಅಂಜಾರಿನಲ್ಲೂ ಹೊಸಮನೆ, ಬೈಲೂರಿನಲ್ಲೂ ಹೊಸಮನೆ. ಊರೊಳಗೆ ಕೇಳಿದರೆ ಮಕ್ಕಳೂ ದಾರಿ ತೋರಿಸುತ್ತಾರೆ, ಮೆಜೆಸ್ಟಿಕ್‌ನಲ್ಲಿ ನಿಂತು ಹೊಸಮನೆ ಎಲ್ಲಿ ಎಂದರೆ ಯಾರು ಹೇಳಬೇಕು? ಹೊರಗಿನಿಂದ ಬರುವುದೇನಿದ್ದರೂ ಒಳಗಿನಿಂದ ಯಾರಾದರೂ ಮೊದಲೇ ದಾರಿ ತೆರೆದಿಟ್ಟಿರಬೇಕು. ಪ್ರಿಂಟರ್ ಕಂಪನಿಗಳ ಮೊಬೈಲ್ ಆ್ಯಪ್‌ಗಳು ಮಾಡುವುದು ಅದನ್ನೇ. ಗೂಗಲ್ ಕೂಡ 2010ರಲ್ಲಿ ಕ್ಲೌಡ್ ಪ್ರಿಂಟ್ ಎಂಬ ಸೇವೆ ಶುರುಮಾಡಿ, 2020ರ ಡಿಸೆಂಬರ್ 31ಕ್ಕೆ ಬಾಗಿಲು ಹಾಕಿತು. ಅದನ್ನೇ ನಂಬಿದ್ದವರು ಬೇರೆ ದಾರಿ ನೋಡಿಕೊಳ್ಳಬೇಕಾಯಿತು.

ಯೂಟ್ಯೂಬ್ ನೋಡಿ ರೂಟರಿನಲ್ಲಿ ಪ್ರಿಂಟರಿನ ಪೋರ್ಟ್ ತೆರೆದಿಡುವ ಜಾಣರಿದ್ದಾರೆ. ಬೇಡ. 2018ರ ನವೆಂಬರ್ ಕೊನೆಯಲ್ಲಿ ಒಬ್ಬ, ಹೀಗೆ 9100ನೇ ಪೋರ್ಟ್ ತೆರೆದು ಕೂತಿದ್ದ ಪ್ರಿಂಟರುಗಳನ್ನು ಹುಡುಕಿ, ತನ್ನ ಮೆಚ್ಚಿನ ಯೂಟ್ಯೂಬರಿನ ಪ್ರಚಾರವನ್ನು ಅವುಗಳಲ್ಲಿ ಮುದ್ರಿಸಿಬಿಟ್ಟ. ಸುಮಾರು 50,000 ಪ್ರಿಂಟರ್ ಎಂದು ಅವನೇ ಹೇಳಿಕೊಂಡ. ಹಾಳೆ, ಇಂಕು ಎಲ್ಲ ಮನೆಯವರದ್ದೇ.

"ಫೈಲು ಇಷ್ಟು ಚಿಕ್ಕದು, ಪ್ರಿಂಟಿಗೆ ಯಾಕೆ ಇಷ್ಟು ಹೊತ್ತು?"

ಕಳಿಸುವುದು ಫೈಲನ್ನಲ್ಲ, ಪುಟವನ್ನು. ಕೆಲವು ಸಲ ಪುಟದ ಪ್ರತಿಯೊಂದು ಚುಕ್ಕೆಯನ್ನೂ. ಎ4 ಹಾಳೆಯಲ್ಲಿ ಇಂಚಿಗೆ 600 ಚುಕ್ಕೆಯಂತೆ ಲೆಕ್ಕ ಹಾಕಿದರೆ ಸುಮಾರು 3.5 ಕೋಟಿ ಚುಕ್ಕೆ. ಬರೀ ಕಪ್ಪು ಬಿಳುಪಾದರೆ 4 ಎಂಬಿಗೆ ಸ್ವಲ್ಪ ಮೇಲೆ. ಬಣ್ಣವಾದರೆ, ಕುಗ್ಗಿಸದೆ ಕಳಿಸಿದಲ್ಲಿ, 100 ಎಂಬಿ ದಾಟುತ್ತದೆ. 200 ಕೆಬಿಯ ಪಿಡಿಎಫ್ ಹೀಗೆ ಉಬ್ಬುತ್ತದೆ. ಕಡತವನ್ನೇ ನಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು ಇಲ್ಲಿಂದ ಪ್ರಿಂಟ್ ಕೊಡುವುದು ಎಷ್ಟೋ ಸಲ ಬೇಗ ಆಗುತ್ತದೆ.

"ಈ ಪ್ರಿಂಟರಿಗೆ ಕನ್ನಡ ಬರುದಿಲ್ಲ"

ಪ್ರಿಂಟರಿಗೆ ಯಾವ ಭಾಷೆಯೂ ಬೇಕಿಲ್ಲ, ಆಕಾರ ಕೊಟ್ಟರೆ ಒತ್ತುತ್ತದೆ. ಕೆಡುವುದು ಮೊದಲೇ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟಿನಲ್ಲಿ ಮಾಡಿದ ಕಡತದ ಒಳಗಿರುವುದು ಅಸಲಿಗೆ ಲ್ಯಾಟಿನ್ ಅಕ್ಷರಗಳ ಸಂಖ್ಯೆಗಳು; ಮೇಲೆ ಕನ್ನಡದ ಅಂಗಿ ತೊಡಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಂಗಿ ಕಳಚುತ್ತದೆ, ತಲೆಯ ಮೇಲೆ ಗೀಟು ಚುಕ್ಕಿ ಹೊತ್ತ ಯುರೋಪಿನ ಅಕ್ಷರಗಳು ಬರಿಮೈಯಲ್ಲಿ ನಿಲ್ಲುತ್ತವೆ. 1991ರ ಯುನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿದೆ, ಆದರೂ ದೇವಸ್ಥಾನದ ಆಮಂತ್ರಣದಿಂದ ಸೊಸೈಟಿಯ ನೋಟೀಸಿನ ತನಕ ಹಳೆಯ ಫಾಂಟು ಬಿಡುವವರಿಲ್ಲ. ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಮಾಡಿ ಕಳಿಸಿದರೆ ತಕರಾರಿಲ್ಲ.

ಇದರ ಅಣ್ಣನಂಥ ಇನ್ನೊಂದು ಪೀಡೆ ಉಂಟು. ಹಾಳೆಗೆ ಒಂದೇ ಸಾಲಿನಂತೆ ಅರ್ಥವಿಲ್ಲದ ಚಿಹ್ನೆಗಳು, ಹಾಳೆ ಮುಗಿಯುವ ತನಕ. ಅದು ಡ್ರೈವರ್ ತಪ್ಪಿದ್ದರ ಲಕ್ಷಣ: ಒಂದು ಪ್ರಿಂಟರಿನ ಆಜ್ಞೆಗಳು ಇನ್ನೊಂದಕ್ಕೆ ಹೋಗಿವೆ, ಅದು ಅವನ್ನೇ ಅಕ್ಷರ ಎಂದುಕೊಂಡು ಮುದ್ರಿಸುತ್ತಿದೆ. ಗಾಬರಿಯಲ್ಲಿ ಪ್ರಿಂಟರ್ ಆಫ್ ಮಾಡಿದರೆ ಉಪಯೋಗವಿಲ್ಲ, ಆನ್ ಮಾಡಿದ ಕೂಡಲೇ ಕಂಪ್ಯೂಟರ್ ಮತ್ತೆ ಕಳಿಸುತ್ತದೆ. ಸಾಲಿನಲ್ಲಿ ಕಾದಿರುವ ಕೆಲಸವನ್ನು ಕಂಪ್ಯೂಟರಿನಲ್ಲೇ ರದ್ದು ಮಾಡಬೇಕು.

"ಇದೆಲ್ಲ ಮೊನ್ನೆ ಮೊನ್ನೆ ಬಂದದ್ದು"

ಬ್ಯಾಂಕಿನವರನ್ನು ಕೇಳಿ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ ಉಡುಪಿಯಲ್ಲಿ ನಿವೃತ್ತ ಬ್ಯಾಂಕ್ ನೌಕರರಿಗೆ ಬರವಿಲ್ಲ. ಯುನಿಕ್ಸ್ ಕಾಲದಲ್ಲಿ ಕೌಂಟರಿನಲ್ಲಿ ಇರುತ್ತಿದ್ದದ್ದು ಬರೀ ಪರದೆ, ಕೀಲಿಮಣೆ, ಕಂಪ್ಯೂಟರ್ ಬೇರೆಡೆ. ಪ್ರಿಂಟರನ್ನು ಪರದೆಯ ಹಿಂದಿನ ಕಿಂಡಿಗೆ ಸಿಕ್ಕಿಸಬಹುದಿತ್ತು. 1983ರ ವಿಟಿ-220ರಂಥ ಟರ್ಮಿನಲ್‌ಗಳಿಗೆ ದೂರದ ಕಂಪ್ಯೂಟರ್ ಎಸ್ಕೇಪ್, ಚೌಕ ಆವರಣ, 5, ಐ ಎಂಬ ಗುಟ್ಟಿನ ಸಂಕೇತ ಕಳಿಸಿದರೆ, ಮುಂದೆ ಬರುವುದೆಲ್ಲ ಪರದೆಗೆ ಹೋಗದೆ ಪ್ರಿಂಟರಿಗೆ. 5ರ ಜಾಗದಲ್ಲಿ 4 ಬಂದರೆ ಮತ್ತೆ ಪರದೆಗೆ. ಆ 4 ದಾರಿಯಲ್ಲಿ ತಪ್ಪಿಹೋದರೆ ಪರದೆ ಮೂಕ, ಪ್ರಿಂಟರಿನದ್ದೇ ಮಾತು. ಇವತ್ತಿನ ರಿಡೈರೆಕ್ಟೆಡ್ ಪ್ರಿಂಟರ್ ಇದೇ ಉಪಾಯದ ಮೊಮ್ಮಗು.

ಪಾಸ್‌ಬುಕ್ಕಿನ ಕತೆಯೂ ಅದೇ. ಶಾಖೆಯ ಪ್ರಿಂಟರಿನಲ್ಲಿ ನಿಮ್ಮ ಲೆಕ್ಕ ಇಲ್ಲ. ದೂರದ ಡೇಟಾ ಸೆಂಟರಿನಿಂದ ಸಾಲುಗಳು ಬರುತ್ತವೆ, ಎಷ್ಟನೇ ಸಾಲಿನ ತನಕ ಮುದ್ರಣವಾಗಿದೆ ಎಂಬ ನೆನಪೂ ಅಲ್ಲಿನದ್ದೇ. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾ ಬ್ಯಾಂಕಿಗೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಸೇರಿದ್ದು ಮೇಜಿನ ಮೇಲಿನ ಆ ಯಂತ್ರಕ್ಕೆ ಗೊತ್ತಾಗಬೇಕಾದ ವಿಷಯವೇ ಅಲ್ಲ. ರಿಬ್ಬನ್ ಒಣಗಿ ಪುಟದಲ್ಲಿ ಏನೂ ಮೂಡದಿದ್ದರೂ ದೂರದ ಕಂಪ್ಯೂಟರಿನ ಲೆಕ್ಕದಲ್ಲಿ ಪ್ರಿಂಟ್ ಆಗಿರಬಹುದು. ಕಳಿಸಿದ್ದೇ ಅದಕ್ಕೆ ಮುಗಿದ ಹಾಗೆ. ಹಾಗಾದರೆ ಕೌಂಟರಿನಲ್ಲೇ ಹೇಳಿ, ಹಿಂದಿನ ಸಾಲಿನಿಂದ ಮತ್ತೆ ಹಾಕಿಸಿಕೊಳ್ಳಬಹುದು.

"ಪೇಟೆಯಲ್ಲಿ ತೆಗೆದ ಆರ್‌ಟಿಸಿ ನಡೆಯುದಿಲ್ಲ, ತಾಲೂಕು ಆಫೀಸಿನದ್ದೇ ಆಗಬೇಕು"

2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದಾಗ ಈ ಮಾತಿಗೆ ಅರ್ಥವಿತ್ತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು; ಆಯಾ ತಾಲೂಕಿನ ದಾಖಲೆ ಆಯಾ ತಾಲೂಕು ಕಚೇರಿಯ ಕಂಪ್ಯೂಟರಿನಲ್ಲಿ, 15 ರೂಪಾಯಿ ಕೊಟ್ಟರೆ ಅಲ್ಲೇ ಪ್ರಿಂಟ್. ಆಮೇಲೆ ದಾಖಲೆ ಬೆಂಗಳೂರಿನ ಡೇಟಾ ಸೆಂಟರಿಗೆ ಹೋಯಿತು. ಈಗ ಕಚೇರಿಯಲ್ಲಿ ಒತ್ತಿದರೂ ಅಂಗಡಿಯಲ್ಲಿ ಒತ್ತಿದರೂ ಮೂಲ ಒಂದೇ. ನೋಡಬೇಕಾದದ್ದು ಬೇರೆ: ಪುಕ್ಕಟೆ ನೋಡಲು ಬಿಡುವ ಪ್ರತಿ ಮಾಹಿತಿಗೆ ಮಾತ್ರ. ಹಣ ಕಟ್ಟಿ ತೆಗೆದ ಡಿಜಿಟಲ್ ಸಹಿಯ ಪ್ರತಿಯಲ್ಲಿ ಸಂಖ್ಯೆ ಇರುತ್ತದೆ, ಅನುಮಾನ ಇದ್ದವರು ಅದನ್ನು ಹಾಕಿ ತಾಳೆ ನೋಡಬಹುದು.

ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ ಮೇಲೆ ನಿಮ್ಮ ಆಧಾರ್, ಪಾಸ್‌ಬುಕ್ಕಿನ ಪಿಡಿಎಫ್ ಅವರ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿದಿರುತ್ತದೆ. "ಅದೊಂದು ಡಿಲೀಟ್ ಮಾಡಿ ಅಣ್ಣ" ಎಂದರೆ ಯಾರೂ ಬೇಸರ ಮಾಡುವುದಿಲ್ಲ. ನಾನೂ ಮಾಡುವುದಿಲ್ಲ.

"ಮಳೆಗಾಲದಲ್ಲಿ ನೆಟ್ ಸರಿ ಇರುದಿಲ್ಲ, ಅದಕ್ಕೇ ಪೇಪರ್ ಸಿಕ್ಕಿಕೊಳ್ಳುದು"

ನೆಟ್ ಹೋದರೆ ಹಾಳೆ ಹೊರಡುವುದೇ ಇಲ್ಲ. ಹೊರಟು ನಡುವೆ ಸಿಕ್ಕಿಕೊಂಡರೆ ಅದು ಕಾಗದದ ಕತೆ. ಜುಲೈಯಲ್ಲಿ ಹಪ್ಪಳ ಮೆತ್ತಗಾಗುವ ಹಾಗೆ ಕಾಗದವೂ ಗಾಳಿಯ ಪಸೆ ಹೀರುತ್ತದೆ. ಲೇಸರ್ ಪ್ರಿಂಟರಿನ ಬಿಸಿ ಉರುಳೆಯ ನಡುವೆ ಹೋದಾಗ ಆ ಪಸೆ ಒಮ್ಮೆಲೇ ಆರಿ ಹಾಳೆ ಸುರುಳಿಯಾಗುತ್ತದೆ, ಎರಡೆರಡು ಅಂಟಿಕೊಂಡು ಒಳಹೋಗುವುದೂ ಉಂಟು. ಟ್ರೇಯಲ್ಲಿ ಇಪ್ಪತ್ತೇ ಹಾಳೆ ಇಟ್ಟು, ಉಳಿದ ಕಟ್ಟನ್ನು ಅದರ ಹೊದಿಕೆಯಲ್ಲೇ ಸುತ್ತಿ ಗಾಳಿಯಾಡದ ಡಬ್ಬಿಯಲ್ಲಿಡುವುದು ನಾನು ಕಂಡುಕೊಂಡ ಉಪಾಯ. ನಮ್ಮ ಮನೆಯಲ್ಲಿ ಆ ಡಬ್ಬಿ ಹಪ್ಪಳದ್ದೇ. ಆಟಿ ಮುಗಿಯುವ ತನಕ ಹಿರಿಯಡ್ಕದ ನನ್ನ ಪ್ರಿಂಟುಗಳಿಗೆಲ್ಲ ಹಲಸಿನ ಹಪ್ಪಳದ ವಾಸನೆ.