ರೈಲಿನಿಂದ ಇಂಗ್ಲಿಷಿನಲ್ಲಿ ಇಳಿಯುವುದು ಹೇಗೆ?

ಬೆಂಗಳೂರಿನಿಂದ ಹೊರಟ ರೈಲು ಬಂಗಾರಪೇಟೆ ಸಮೀಪಿಸುತ್ತಿದ್ದಂತೆ ಬಾಗಿಲ ಬಳಿ ಜನ ಸೇರುತ್ತಾರೆ. ಹಿಂದಿನವರು ಮುಂದಿನವರನ್ನು ಕೇಳುವುದು ಒಂದೇ ಮಾತು: "ಇಳೀತೀರಾ?" ಇಂಗ್ಲಿಷ್ ಬಲ್ಲವರ ಬಾಯಲ್ಲಿ ಅದೇ ಪ್ರಶ್ನೆ "ಆರ್ ಯು ಗೆಟಿಂಗ್ ಡೌನ್?" ಎಂದಾಗುತ್ತದೆ. ಭಾರತದಲ್ಲಿ ಎಲ್ಲಿ ಹೇಳಿದರೂ ಇದು ಅರ್ಥವಾಗುತ್ತದೆ. ಆದರೆ ಲಂಡನ್ನಿನ ಪ್ರಯಾಣಿಕರು ಹೀಗೆ ಕೇಳುವುದಿಲ್ಲ. ಅವರದು "ಗೆಟ್ ಆಫ್".

ಈ "ಡೌನ್" ನಮ್ಮ ನಾಲಿಗೆಗೆ ಹತ್ತಿದ್ದು ಹೇಗೆಂದು ತಿಳಿಯಲು ಬಂಗಾರಪೇಟೆ ಸಮೀಪದ ಕೆಜಿಎಫ್‌ಗಿಂತ (ಕೋಲಾರ ಗೋಲ್ಡ್ ಫೀಲ್ಡ್ಸ್) ಒಳ್ಳೆಯ ಊರು ಸಿಗುವುದು ಕಷ್ಟ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಚಿನ್ನ ತೆಗೆಯಲು ಮುಂದಾದ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿಗಾರರು ಬಂದರು. ತಮಿಳು, ತೆಲುಗು ಕಾರ್ಮಿಕರು ಬಂದು ನೆಲೆಸಿದರು. ಆಂಗ್ಲೋ ಇಂಡಿಯನ್ ಕುಟುಂಬಗಳು ಬೇರುಬಿಟ್ಟವು. ಕನ್ನಡದವರು "ಇಳಿ" ಎಂದರೆ ತಮಿಳರು "ಇರಂಗು", ತೆಲುಗಿನವರು "ದಿಗು", ಉರ್ದುವಿನವರು "ಉತರ್" ಎನ್ನುತ್ತಾರೆ. ರೈಲು, ಮರ, ಮೆಟ್ಟಿಲು, ಆಟೋ ಯಾವುದರಿಂದ ಇಳಿದರೂ ಪದ ಒಂದೇ, ಮತ್ತು ಅದರೊಳಗೆ ಕೆಳಮುಖದ ಚಲನೆ ಇದ್ದೇ ಇದೆ. ಅಂಥ ಮನೆಮಾತಿನವರು ಇಂಗ್ಲಿಷಿನಲ್ಲೂ "ಡೌನ್" ಹುಡುಕಿದ್ದು ಸಹಜ. ಅದಕ್ಕಾಗಿ ಯಾರನ್ನೂ ಹೀಯಾಳಿಸಬೇಕಿಲ್ಲ. ಹೊರದೇಶದವರೊಂದಿಗೆ ಮಾತನಾಡುವಾಗ, ಸಂದರ್ಶನ ಅಥವಾ ಪರೀಕ್ಷೆಗೆ ಕೂರುವಾಗ ಮಾತ್ರ "ಆಫ್" ಗೊತ್ತಿರಬೇಕು.

ಇಂಗ್ಲಿಷಿನವರು ಇಲ್ಲಿ ಎತ್ತರವನ್ನು ಲೆಕ್ಕಕ್ಕಿಡುವುದಿಲ್ಲ. ವಾಹನ ಎಂಥದ್ದು ಎಂದು ನೋಡುತ್ತಾರೆ. ಒಳಗೆ ಎದ್ದು ಓಡಾಡಬಹುದಾದ ಬಸ್ಸು, ರೈಲು, ವಿಮಾನ, ಹಡಗುಗಳಿಗೆ ಹತ್ತುವಾಗ "ಗೆಟ್ ಆನ್", ಇಳಿಯುವಾಗ "ಗೆಟ್ ಆಫ್". ಮೇಲೆ ಕೂರುವ ಸೈಕಲ್ಲು, ಬೈಕು, ಕುದುರೆಗೂ ಇದೇ. ಮೈ ಬಗ್ಗಿಸಿ ಒಳಹೊಕ್ಕು ಕೂರುವ ಕಾರು, ಟ್ಯಾಕ್ಸಿ, ಆಟೋಗಳಿಗೆ ಮಾತ್ರ "ಗೆಟ್ ಇನ್" ಮತ್ತು "ಗೆಟ್ ಔಟ್ ಆಫ್". ಹಾಗಾಗಿ ಸ್ಟೇಷನ್‌ಗೆ ಆಟೋದಲ್ಲಿ ಬಂದು ರೈಲು ಹಿಡಿಯುವವರು "ಐ ಗಾಟ್ ಔಟ್ ಆಫ್ ದಿ ಆಟೋ ಅಂಡ್ ಗಾಟ್ ಆನ್ ದ ಟ್ರೇನ್" ಎನ್ನಬೇಕು.

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಕವಲು ಹಳಿ 1894ರಷ್ಟು ಹಳೆಯದು. ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂಬ ಗಣಿಗಳ ಹೆಸರುಗಳೇ ಅದರ ನಿಲ್ದಾಣಗಳಿಗೂ ಇವೆ. ಮಾರಿಕುಪ್ಪಂ ಕೊನೆಯ ನಿಲ್ದಾಣ. "ಎವ್ರಿಬಡಿ ಗೆಟ್ಸ್ ಆಫ್ ಅಟ್ ಮಾರಿಕುಪ್ಪಂ" ಎಂದರೆ ವಾಕ್ಯ ಸರಿ. ನಿಲ್ದಾಣದ ಹೆಸರಿಗೆ "ಅಟ್" ಸೇರುತ್ತದೆ. ರೈಲಿನ ಹಿಂದೆ ಮಾತ್ರ ಏನೂ ಸೇರಿಸಬಾರದು: "ಗೆಟ್ ಆಫ್ ದ ಟ್ರೇನ್" ಸರಿ, "ಗೆಟ್ ಆಫ್ ಫ್ರಮ್ ದ ಟ್ರೇನ್" ತಪ್ಪು. "ರೈಲಿನಿಂದ" ಎಂಬುದರ "ಇಂದ" ಆಗಲೇ "ಆಫ್" ಒಳಗೆ ಬಂದಿರುತ್ತದೆ. ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲೇ.

ಸಾಮಾನು ಇಳಿಸುವಾಗ ಪದಗಳ ಜಾಗ ಬದಲಾಗುತ್ತದೆ. "ಗೆಟ್ ದ ಲಗೇಜ್ ಆಫ್ ದ ಟ್ರೇನ್" ಎನ್ನುವಾಗ ಲಗೇಜು "ಗೆಟ್" ಮತ್ತು "ಆಫ್" ನಡುವೆ ಬಂದು ಕೂರುತ್ತದೆ. ಆದರೆ ಅದೇ ಲಗೇಜು ಮೇಲಿನ ಬರ್ತಿನಲ್ಲಿದ್ದರೆ "ಗೆಟ್ ಇಟ್ ಡೌನ್" ಎನ್ನಬಹುದು, ಏಕೆಂದರೆ ಅಲ್ಲಿ ವಸ್ತು ನಿಜಕ್ಕೂ ಮೇಲಿನಿಂದ ಕೆಳಕ್ಕೆ ಬರುತ್ತಿದೆ. ಏಣಿಯಿಂದ ಇಳಿಯುವವನಿಗೂ "ಗೆಟ್ ಡೌನ್" ಒಪ್ಪುತ್ತದೆ.

"ಡೌನ್" ಪದಕ್ಕೆ ಇಡೀ ಅರ್ಥ ತುಂಬುವ ಜಾಗವೂ ಈ ಊರಲ್ಲೇ ಇತ್ತು. ಚಾಂಪಿಯನ್ ರೀಫ್ಸ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳದ್ದು. ಪಾಳಿಯ ಕಾರ್ಮಿಕರು ಕೇಜ್ ಎಂಬ ಕಬ್ಬಿಣದ ಪಂಜರದೊಳಗೆ ಒತ್ತಾಗಿ ನಿಂತು ಶಾಫ್ಟಿಗೆ ಇಳಿಯುತ್ತಿದ್ದರು. ಇಂಗ್ಲಿಷಿನಲ್ಲಿ ಅದು "ದೇ ವೆಂಟ್ ಡೌನ್ ದ ಶಾಫ್ಟ್". ಅವರು ಒಳಗೆ ನಿಂತೇ ಹೋಗುತ್ತಿದ್ದರೂ ಹೊರಬರುವುದಕ್ಕೆ "ಗೆಟ್ ಔಟ್ ಆಫ್ ದ ಕೇಜ್" ಹೆಚ್ಚು ಒಪ್ಪುತ್ತದೆ. ಸುತ್ತ ಮುಚ್ಚಿದ ಪೆಟ್ಟಿಗೆಯನ್ನು ಇಂಗ್ಲಿಷಿನವರು ಕೋಣೆಯಂತೆ ಕಾಣುತ್ತಾರೆ, ವಾಹನದಂತಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ದುಡಿಮೆಗಾಗಿ ಸಾವಿರಾರು ಮಂದಿ ದಿನವೂ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವಂತಾಯಿತು. ನಸುಕಿನಲ್ಲೇ ಮನೆ ಬಿಟ್ಟು ಕತ್ತಲಾದ ಮೇಲೆ ಮರಳುವ ಇವರ ಬದುಕಿಗೆ "ಗೆಟ್ ಆಫ್" ಪದದ ಇನ್ನೊಂದು ಅರ್ಥವೂ ಹೊಂದುತ್ತದೆ: ಕೆಲಸ ಮುಗಿಸಿ ಹೊರಡುವುದು. "ಐ ಗೆಟ್ ಆಫ್ ವರ್ಕ್ ಅಟ್ ಸಿಕ್ಸ್ ಅಂಡ್ ಗೆಟ್ ಆಫ್ ದ ಟ್ರೇನ್ ಅಟ್ ಎಯ್ಟ್‌ಥರ್ಟಿ" ಎಂಬ ಒಂದೇ ವಾಕ್ಯದಲ್ಲಿ ಎರಡೂ ಬಳಕೆ ಸೇರಿಕೊಳ್ಳುತ್ತವೆ.

ಒಂದು ಕಡೆ ಮಾತ್ರ ಎಚ್ಚರ ಬೇಕು. "ಹಿ ಟೋಲ್ಡ್ ಮಿ ವೇರ್ ಟು ಗೆಟ್ ಆಫ್" ಎಂದರೆ ಆತ ಇಳಿಯುವ ಸ್ಥಳ ತಿಳಿಸಿದ ಎಂದಷ್ಟೇ ಅಲ್ಲ, ಚೆನ್ನಾಗಿ ಗದರಿಸಿದ ಎಂಬ ಅರ್ಥವೂ ಬರುತ್ತದೆ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಗೆ ದಾರಿ ಕೇಳುವವರು "ವೇರ್ ಡು ಐ ಗೆಟ್ ಆಫ್ ಫಾರ್ ರಾಬರ್ಟ್‌ಸನ್‌ಪೇಟೆ?" ಎಂದು ಕೇಳಿದರೆ ಗೊಂದಲವಿಲ್ಲ.