ಇಂಗ್ಲಿಷ್ ಪರೀಕ್ಷೆಗೆ ದಿನಕ್ಕೆ ಮುಕ್ಕಾಲು ಗಂಟೆ

ವ್ಯಾಪಾರಸ್ಥರ ಮನೆಯ ಮಕ್ಕಳಿಗೆ ಲೆಕ್ಕ ಕಷ್ಟವಾಗುವುದು ಅಪರೂಪ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಬೆಳೆದ ಮಗು ಬಡ್ಡಿ, ಉದ್ದರಿ, ಲಾಭ-ನಷ್ಟಗಳ ಮಾತನ್ನು ಶಾಲೆಗೆ ಸೇರುವ ಮೊದಲೇ ಕೇಳಿರುತ್ತದೆ. ಅದೇ ಮಗು ದೊಡ್ಡದಾಗಿ ಕಾಲೇಜಿನ ಇಂಗ್ಲಿಷ್ ಪತ್ರಿಕೆಯ ಮುಂದೆ ಕುಳಿತಾಗ ಮಾತ್ರ ಕೈ ತಡವರಿಸುತ್ತದೆ. ಅಕೌಂಟ್ಸ್‌ನಲ್ಲಿ ಎಂಬತ್ತು, ತೊಂಬತ್ತು ಅಂಕ ತರುವ ಹುಡುಗ ಇಂಗ್ಲಿಷಿನಲ್ಲಿ ಮೂವತ್ತೈದರ ಗೆರೆ ದಾಟಲು ಪರದಾಡುತ್ತಾನೆ. ಆ ಒಂದು ವಿಷಯ ಉಳಿದುಕೊಂಡರೆ ಸಪ್ಲಿಮೆಂಟರಿ ಪರೀಕ್ಷೆ, ನೆಂಟರ ಪ್ರಶ್ನೆಗಳು, ಮನೆಯಲ್ಲಿ ಬೇಸರ. ಆಮೇಲೆ ಹುಡುಗನಾದರೆ "ಸಾಕು, ಅಂಗಡಿಗೆ ಬಾ" ಎಂಬ ಮಾತು. ಹುಡುಗಿಯಾದರೆ "ಇನ್ನೆಷ್ಟು ಓದುತ್ತೀಯಮ್ಮ" ಎಂಬ ಮಾತು. ಒಂದೇ ಒಂದು ಪತ್ರಿಕೆಯ ಕಾರಣಕ್ಕೆ ಮಕ್ಕಳ ಬದುಕಿನ ದಾರಿ ಬೇರೆ ಕಡೆ ತಿರುಗುವುದು ನ್ಯಾಯವಲ್ಲ. ಸರಿಯಾದ ಅಭ್ಯಾಸವಿದ್ದರೆ ಹಾಗೆ ಆಗಬೇಕಾಗಿಯೂ ಇಲ್ಲ.

ಗಡಿನಾಡಿನ ಮಕ್ಕಳ ಪಾಡು

ಹಿಂದೂಪುರ ಬೆಂಗಳೂರಿಗೆ ಸುಮಾರು ನೂರು ಕಿಲೋಮೀಟರ್. ಗಡಿ ದಾಟಿದರೆ ಗೌರಿಬಿದನೂರು ಸೀಮೆ. ಕಲ್ಯಾಣದುರ್ಗದ ಆಚೆ ಪಾವಗಡ, ಚಳ್ಳಕೆರೆಗಳ ನಾಡು. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ಈ ಊರುಗಳು ಆ ಕಡೆ ಉಳಿದವು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳ ಪುನರ್ವಿಂಗಡಣೆಯಾಗಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಇಲ್ಲಿನ ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಕೆಲವರಿಗೆ ಮಾರವಾಡಿ ಅಥವಾ ಹಿಂದಿ. ಬೀದಿಯಲ್ಲಿ, ಸಂತೆಯಲ್ಲಿ, ತರಗತಿಯಲ್ಲಿ ತೆಲುಗು. ಇಂಗ್ಲಿಷ್ ಬರುವುದು ಮೂರನೆಯದಾಗಿ, ಅದೂ ಪುಸ್ತಕದ ಮೂಲಕ.

ಇಂಗ್ಲಿಷಿನ ಭಾರ ಈಚೆಗೆ ಹೆಚ್ಚಿದೆ. ಇಂಟರ್‌ಮೀಡಿಯೆಟ್‌ನ ಎರಡೂ ವರ್ಷ ಇಂಗ್ಲಿಷ್ ಕಡ್ಡಾಯ. 2020-21ರಲ್ಲಿ ಆಂಧ್ರದ ಪದವಿ ಕಾಲೇಜುಗಳಿಗೆ ಬಂದ ಪಠ್ಯಕ್ರಮದಲ್ಲಿ ಓದು ಮತ್ತು ಬರವಣಿಗೆಯ ಕೌಶಲಕ್ಕೆಂದೇ ಒಂದು ಸೆಮಿಸ್ಟರಿನ ಕೋರ್ಸು ಇಡಲಾಯಿತು. 2021-22ರಿಂದ ಪದವಿ ಶಿಕ್ಷಣವೆಲ್ಲ ಇಂಗ್ಲಿಷ್ ಮಾಧ್ಯಮದಲ್ಲೇ ಎಂದು ರಾಜ್ಯ ಸರ್ಕಾರ ಪ್ರಕಟಿಸಿತು. ಹೀಗಾಗಿ ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಇಲ್ಲದಿದ್ದರೆ ಇಂಗ್ಲಿಷ್ ಪತ್ರಿಕೆಯೊಂದೇ ಅಲ್ಲ, ಕಾಮರ್ಸ್ ಪುಸ್ತಕವೂ ಕಬ್ಬಿಣದ ಕಡಲೆ.

ಗೈಡಿನಿಂದ ಆಗದ ಕೆಲಸ

ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಹಿಡಿಯುವ ದಾರಿ ಒಂದೇ: ಗೈಡು ಕೊಳ್ಳುವುದು, ಉರು ಹೊಡೆಯುವುದು. ಪಾಠದ ಪ್ರಶ್ನೆಗಳಿಗೆ ಇದರಿಂದ ಸ್ವಲ್ಪ ಪ್ರಯೋಜನವಾಗಬಹುದು. ಆದರೆ ಮೊದಲು ನೋಡಿರದ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳಿದಾಗ ಗೈಡು ಏನೂ ಮಾಡಲಾರದು. ಪ್ರಬಂಧದ ವಿಷಯ ಒಂದಿಷ್ಟು ಬದಲಾದರೂ ಉರು ಹೊಡೆದದ್ದು ಕೈಕೊಡುತ್ತದೆ. ಇದರಲ್ಲಿ ಒಂದು ಸಮಾಧಾನವೂ ಇದೆ. ಗದ್ಯಭಾಗದ ಪ್ರಶ್ನೆಗೆ ಉತ್ತರ ಪತ್ರಿಕೆಯಲ್ಲೇ ಅಚ್ಚಾಗಿರುತ್ತದೆ. ನೆನಪಿಟ್ಟುಕೊಳ್ಳಬೇಕಾದದ್ದು ಏನೂ ಇಲ್ಲ, ಹುಡುಕುವುದನ್ನು ಕಲಿತರೆ ಸಾಕು.

ಹುಣಸೆಹಣ್ಣಿನ ಒಂದು ಉದಾಹರಣೆ

ಹಿಂದೂಪುರದವರಿಗೆ ಹುಣಸೆಹಣ್ಣಿನ ವ್ಯಾಪಾರ ಹೊಸದಲ್ಲ. ಪರೀಕ್ಷೆಯಲ್ಲಿ ಈ ಅರ್ಥದ ಗದ್ಯಭಾಗ ಬಂದಿದೆ ಎಂದುಕೊಳ್ಳೋಣ: "ಹುಣಸೆಹಣ್ಣನ್ನು ಸಾಮಾನ್ಯ ಗೋದಾಮಿನಲ್ಲಿ ಬಹಳ ದಿನ ಇಟ್ಟರೆ ಅದು ಕಪ್ಪಾಗುತ್ತದೆ. ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟರೆ ಬಣ್ಣ ಉಳಿಯುತ್ತದೆ, ಮುಂದೆ ಒಳ್ಳೆಯ ಬೆಲೆಯೂ ಸಿಗುತ್ತದೆ. ಆದರೂ ಸಣ್ಣ ರೈತರು ಕೊಯ್ಲಾದ ಕೂಡಲೇ ಮಾರಿಬಿಟ್ಟರು. ಬಾಡಿಗೆ ಕಟ್ಟಲು ಅವರ ಕೈಯಲ್ಲಿ ಹಣವಿರಲಿಲ್ಲ."

ಪ್ರಶ್ನೆ: ಸಣ್ಣ ರೈತರು ಕೂಡಲೇ ಏಕೆ ಮಾರಿದರು? ಅವಸರದಲ್ಲಿ ಓದಿದ ವಿದ್ಯಾರ್ಥಿ "ಹಣ್ಣು ಕಪ್ಪಾಗುತ್ತದೆ, ಅದಕ್ಕೆ" ಎಂದು ಬರೆಯುತ್ತಾನೆ. ಮಾತು ಗದ್ಯದಲ್ಲಿ ಇದೆ, ಆದರೆ ಅದು ಈ ಪ್ರಶ್ನೆಗೆ ಉತ್ತರವಲ್ಲ. ಕಪ್ಪಾಗದಂತೆ ಇಡುವ ದಾರಿ ಇತ್ತು. ಅದಕ್ಕೆ ಹಣವಿರಲಿಲ್ಲ ಎಂಬುದೇ ಉತ್ತರ. "ಆದರೂ" ಎಂಬ ಪದದಲ್ಲಿ ಮಾತು ತಿರುಗಿದ್ದನ್ನು ಗಮನಿಸಿದವನಿಗೆ ಅಂಕ ಸಿಕ್ಕಿತು. ಇಂಗ್ಲಿಷಿನಲ್ಲಿ 'ಬಟ್', 'ಹೌಎವರ್', 'ದೋ', 'ಬಿಕಾಸ್', 'ದೇರ್‌ಫೋರ್' ಎಂಬವು ಇಂಥ ತಿರುವಿನ ಪದಗಳು. ಓದುವಾಗ ಇವುಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಹಾಕುವ ರೂಢಿ ಮಾಡಿಕೊಳ್ಳಿ.

ಓದುವ ಕ್ರಮ ಹೀಗಿರಲಿ. ಮೊದಲು ಪ್ರಶ್ನೆಗಳನ್ನು ಒಮ್ಮೆ ನೋಡಿ. ಏನನ್ನು ಹುಡುಕಬೇಕೆಂದು ತಿಳಿಯುತ್ತದೆ. ಆಮೇಲೆ ಗದ್ಯವನ್ನು ಮೊದಲಿಂದ ಕೊನೆಯವರೆಗೆ ನಿಲ್ಲದೆ ಓದಿ. ಗೊತ್ತಿಲ್ಲದ ಪದ ಬಂದರೆ ಅಲ್ಲೇ ಸಿಕ್ಕಿಹಾಕಿಕೊಳ್ಳಬೇಡಿ. ಅಕ್ಕಪಕ್ಕದ ಮಾತುಗಳಿಂದ ಅದರ ಅರ್ಥ ಅರ್ಧಕ್ಕರ್ಧ ತಿಳಿಯುತ್ತದೆ. ಎರಡನೇ ಸಲ ನಿಧಾನವಾಗಿ ಓದುತ್ತಾ 'ಹಿ', 'ಇಟ್', 'ದೇ' ಎಂಬ ಪದಗಳು ಯಾರನ್ನು, ಯಾವುದನ್ನು ಸೂಚಿಸುತ್ತವೆ ಎಂದು ನೋಡಿ. ಅನೇಕ ತಪ್ಪು ಉತ್ತರಗಳಿಗೆ ಮೂಲ ಈ ಸಣ್ಣ ಪದಗಳೇ.

ಉತ್ತರ ಬರೆಯುವಾಗ

ಕೇಳಿದ್ದಕ್ಕೆ ಮಾತ್ರ ಉತ್ತರ, ಪೂರ್ಣ ವಾಕ್ಯದಲ್ಲಿ. ಗದ್ಯದ ನಾಲ್ಕು ಸಾಲುಗಳನ್ನು ಹಾಗೆಯೇ ಎತ್ತಿ ಬರೆದರೆ, ಅರ್ಥವಾಗಿಲ್ಲವೆಂದು ಪರೀಕ್ಷಕರಿಗೆ ನಾವೇ ಹೇಳಿಕೊಟ್ಟಂತೆ.

ನಮ್ಮ ಮಕ್ಕಳು ಪದೇ ಪದೇ ಎಡವುವ ಮೂರು ಜಾಗಗಳಿವೆ. ಮೊದಲನೆಯದು 'ಡಿಡ್'. 'ವೈ ಡಿಡ್ ದ ಫಾರ್ಮರ್ಸ್ ಸೆಲ್' ಎಂದು ಪ್ರಶ್ನೆ ಇದ್ದರೆ ಉತ್ತರದಲ್ಲಿ 'ಡಿಡ್' ಬಿಟ್ಟುಹೋಗಿ 'ಸೆಲ್' ಎಂಬುದು 'ಸೋಲ್ಡ್' ಆಗುತ್ತದೆ. 'ಡಿಡ್ ಸೋಲ್ಡ್' ಎಂದರೆ ಒಂದೇ ಸರಕಿಗೆ ಎರಡು ಬಿಲ್ಲು ಬರೆದ ಹಾಗೆ.

ಎರಡನೆಯದು ಕ್ರಿಯಾಪದದ ಕೊನೆಯ 'ಸ್'. ಕನ್ನಡದಲ್ಲಿ ಮಾರುತ್ತೇನೆ, ಮಾರುತ್ತೀಯೆ, ಮಾರುತ್ತಾನೆ, ಮಾರುತ್ತಾಳೆ ಎಂದು ಪ್ರತಿಯೊಬ್ಬರಿಗೂ ಕ್ರಿಯಾಪದ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ವರ್ತಮಾನಕಾಲದ ಇಂಥ ಮಾತಿನಲ್ಲಿ ಅವನು, ಅವಳು, ಅದು ಎಂಬವಕ್ಕೆ ಮಾತ್ರ 'ಸೆಲ್ಸ್', ಉಳಿದವರಿಗೆಲ್ಲ 'ಸೆಲ್'. ಇಷ್ಟೆಲ್ಲ ರೂಪಗಳನ್ನು ಮನೆಯಲ್ಲೇ ಕಲಿತ ಮಗುವಿಗೆ ಒಂದು ಅಕ್ಷರ ನೆನಪಿಡುವುದು ದೊಡ್ಡ ಮಾತಲ್ಲ.

ಮೂರನೆಯದು 'ಎ' ಮತ್ತು 'ದ'. ಅಂಗಡಿಗೆ ಹೊಸ ಗಿರಾಕಿ ಬಂದರೆ "ಯಾರೋ ಒಬ್ಬ ಬಂದಿದ್ದಾನೆ" ಎನ್ನುತ್ತೇವೆ, ಅದು 'ಎ'. ಎರಡನೇ ಸಲ "ಆ ಮನುಷ್ಯ ಬಂದ" ಎನ್ನುತ್ತೇವೆ; ಅದು 'ದ'. ಎಲ್ಲ ಕಡೆಗೂ ಈ ಲೆಕ್ಕ ಹೊಂದುವುದಿಲ್ಲ, ಆದರೆ ಬಹುಪಾಲು ತಪ್ಪು ಇದರಿಂದಲೇ ತಪ್ಪುತ್ತದೆ.

ಪ್ರಬಂಧ: ಮೊದಲು ಅಂದಾಜು, ಆಮೇಲೆ ಕಟ್ಟಡ

ಅಂದಾಜು ಪಟ್ಟಿ ಇಲ್ಲದೆ ಯಾರೂ ಮನೆ ಕಟ್ಟುವುದಿಲ್ಲ. ಪ್ರಬಂಧವೂ ಹಾಗೆಯೇ. ಮೊದಲ ಐದು ನಿಮಿಷ ಉತ್ತರಪತ್ರಿಕೆಯ ಕೊನೆಯ ಪುಟದಲ್ಲಿ ನಾಲ್ಕು ಅಂಶಗಳನ್ನು ಗುರುತು ಹಾಕಿಕೊಳ್ಳಿ.

ವಿಷಯ 'ನಮ್ಮ ಜಿಲ್ಲೆಯ ನೀರಿನ ಸಮಸ್ಯೆ' ಎಂದಿರಲಿ. ಗೈಡಿನ ಪ್ರಬಂಧ "ನೀರೇ ಜೀವನ" ಎಂದು ಶುರುವಾಗುತ್ತದೆ. ಅದನ್ನೇ ನೂರು ಮಂದಿ ಬರೆದಿರುತ್ತಾರೆ. ನಮ್ಮ ಹುಡುಗ ತನ್ನ ಊರಿನ ಸಂಗತಿಯಿಂದ ಶುರುಮಾಡಲಿ. ಒಂದನೇ ಪ್ಯಾರಾ: ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 550 ಮಿಲಿಮೀಟರಿನ ಆಸುಪಾಸು, ದೇಶದ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲಿ ಇದೂ ಒಂದು. ಎರಡನೇ ಪ್ಯಾರಾ: ಮಳೆ ಕೈಕೊಟ್ಟರೆ ಕಲ್ಯಾಣದುರ್ಗದ ಕಡಲೆಕಾಯಿ ಬೆಳೆ ಹೋಗುತ್ತದೆ, ರೈತನ ಕೈಯಲ್ಲಿ ದುಡ್ಡಿಲ್ಲದಿದ್ದರೆ ಅಂಗಡಿಯ ಉದ್ದರಿ ವಸೂಲಾಗುವುದಿಲ್ಲ. ಮೂರನೇ ಪ್ಯಾರಾ: ಪರಿಹಾರ. ಹಂದ್ರಿ-ನೀವಾ ಯೋಜನೆಯ ಕಾಲುವೆಯಿಂದ ಕೃಷ್ಣಾ ನೀರು 2016ರಲ್ಲಿ ಪೆನುಕೊಂಡ ಹತ್ತಿರದ ಗೊಲ್ಲಪಲ್ಲಿ ಜಲಾಶಯ ತಲುಪಿತು. ಜೊತೆಗೆ ಕೆರೆ ಹೂಳೆತ್ತುವುದು, ಮಳೆನೀರು ಹಿಡಿದಿಡುವುದು. ನಾಲ್ಕನೇ ಪ್ಯಾರಾ: ಮನೆಮನೆಯಲ್ಲಿ ಮಾಡಬಹುದಾದದ್ದು. ನೀರನ್ನು ಸೋಸಿ, ಅಳೆದು ಬಳಸುವ ಮನೆಯಲ್ಲಿ ಬೆಳೆದ ಮಗುವಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ವಾಕ್ಯಗಳು ಚಿಕ್ಕದಾಗಿರಲಿ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. ಆದ್ದರಿಂದ ಯಾರು, ಏನು ಮಾಡಿದರು ಎಂಬ ಎರಡನ್ನು ಮೊದಲು ಇಟ್ಟು, ಉಳಿದದ್ದನ್ನು ಆಮೇಲೆ ಜೋಡಿಸಿ. ಕೊನೆಯ ಐದು ನಿಮಿಷ ಮೇಲೆ ಹೇಳಿದ ಮೂರು ತಪ್ಪುಗಳನ್ನು ಹುಡುಕುವುದಕ್ಕೇ ಮೀಸಲು.

ಸಮಯ ಎಲ್ಲಿದೆ?

ನಮ್ಮ ಮನೆಗಳಲ್ಲಿ ಸಮಯವಿದೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಯಲ್ಲಿ ಸಂಜೆ ಏಳರಿಂದ ಮುಕ್ಕಾಲು ಗಂಟೆ ಬಿಡುವಾಗಿಯೇ ಸಿಗುತ್ತದೆ. ಟಿವಿ, ಮೊಬೈಲುಗಳು ಅಷ್ಟು ಹೊತ್ತು ಸುಮ್ಮನಿದ್ದರೆ ಸಾಕು. ಹದಿನೈದು ನಿಮಿಷ ಒಂದು ಗದ್ಯಭಾಗ ಓದುವುದು, ಇಪ್ಪತ್ತು ನಿಮಿಷ ಉತ್ತರ ಮತ್ತು ಒಂದು ಪ್ಯಾರಾ ಬರೆಯುವುದು, ಹತ್ತು ನಿಮಿಷ ತಿದ್ದುವುದು. ವಾರಕ್ಕೆ ಆರು ದಿನ ಹೀಗೆ. ಭಾನುವಾರ ಗಡಿಯಾರ ಎದುರಿಗಿಟ್ಟು ಒಂದು ಪೂರ್ಣ ಪ್ರಬಂಧ. ನಾಲ್ಕು ವಾರದಲ್ಲಿ 24 ಗದ್ಯಭಾಗ, 24 ಪ್ಯಾರಾ, 4 ಪ್ರಬಂಧ. ಪರೀಕ್ಷೆಯ ಮಾದರಿ ಕಾಲಕಾಲಕ್ಕೆ ಬದಲಾಗುವುದರಿಂದ ಆಯಾ ವರ್ಷದ ಮಾದರಿ ಪ್ರಶ್ನೆಪತ್ರಿಕೆಯನ್ನೇ ಕಾಲೇಜಿನಿಂದ ತಂದುಕೊಳ್ಳಬೇಕು.

"ನಮಗೆ ಇಂಗ್ಲಿಷ್ ಬರುವುದಿಲ್ಲ, ನಾವೇನು ನೋಡುವುದು?" ಎಂದು ತಾಯಂದಿರು ಹಿಂಜರಿಯಬೇಕಾಗಿಲ್ಲ. ಓದಿದ್ದನ್ನು ಕನ್ನಡದಲ್ಲಿ ಹೇಳೆಂದು ಮಗುವನ್ನು ಕೇಳಿ. ಸರಾಗವಾಗಿ ಹೇಳಿದರೆ ಅರ್ಥವಾಗಿದೆ. ತಡವರಿಸಿದರೆ ಇನ್ನೊಮ್ಮೆ ಓದಬೇಕು. ತತ್ತ್ವಾರ್ಥಸೂತ್ರವು ಸ್ವಾಧ್ಯಾಯಕ್ಕೆ ಐದು ಅಂಗಗಳನ್ನು ಹೇಳಿದೆ: ಓದುವುದು, ಸಂಶಯ ಕೇಳುವುದು, ಮನನ ಮಾಡುವುದು, ಶುದ್ಧವಾಗಿ ಮತ್ತೆ ಮತ್ತೆ ಹೇಳುವುದು, ಇನ್ನೊಬ್ಬರಿಗೆ ತಿಳಿಸುವುದು. ಶಾಸ್ತ್ರಕ್ಕೆ ಹೇಳಿದ ಈ ಕ್ರಮ ಬೇರೆ ಯಾವ ಓದಿಗೂ ಒದಗುತ್ತದೆ.

ತಂದೆಯವರಿಗೊಂದು ಮಾತು

ಅಂಗಡಿಗೆ ಬರುವ ಬ್ಯಾಂಕಿನ ಕಾಗದ, ವಿಮೆಯ ಷರತ್ತು, ತೆರಿಗೆಯ ನೋಟಿಸು ಎಲ್ಲವೂ ಒಂದೊಂದು ಗದ್ಯಭಾಗವೇ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಇದು ಇನ್ನೂ ಹೆಚ್ಚಾಯಿತು. ನೋಂದಣಿಯನ್ನು ಏಕೆ ರದ್ದು ಮಾಡಬಾರದು ಎಂದು ಕೇಳುವ ನೋಟಿಸಿಗೆ ಏಳು ಕೆಲಸದ ದಿನಗಳೊಳಗೆ ಉತ್ತರ ಕೊಡಬೇಕು. ಆ ಒಂದು ಸಾಲನ್ನು ಓದದೆ ಬಿಟ್ಟರೆ ನಷ್ಟ ಯಾರಿಗೆ? ಇಂಥ ಕಾಗದ ಬಂದಾಗ ಆಡಿಟರಿಗೆ ಕಳಿಸುವ ಮೊದಲು ಮಗನಿಗೋ ಮಗಳಿಗೋ ಕೊಟ್ಟು "ಇದರಲ್ಲಿ ಏನು ಕೇಳಿದ್ದಾರೆ? ಯಾವ ದಿನದೊಳಗೆ?" ಎಂದು ಕೇಳಿ. ಓದಿನ ಬೆಲೆ ಮಕ್ಕಳಿಗೆ ಅಲ್ಲೇ ತಿಳಿಯುತ್ತದೆ. ಅಂಗಡಿ ಬಿಟ್ಟು ಹೊರಗೆ ದುಡಿಯಬೇಕೆಂಬ ಮಕ್ಕಳಿಗೂ ದಾರಿ ಹತ್ತಿರವೇ ಇದೆ. 2019ರಲ್ಲಿ ಪೆನುಕೊಂಡ ಬಳಿಯ ಎರ್ರಮಂಚಿಯಲ್ಲಿ ಕಿಯಾ ಕಾರು ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಅಂಥ ಕಡೆ ಆಫೀಸು ಕೆಲಸಕ್ಕೆ ಅರ್ಜಿ ಹಾಕಲು ನಾಲ್ಕು ಸಾಲು ಇಂಗ್ಲಿಷ್ ನೆಟ್ಟಗೆ ಬರೆಯಲು ಬರಬೇಕು.

ಅದೇ ಪೆನುಕೊಂಡವನ್ನು ನಮ್ಮ ಪರಂಪರೆ ದೆಹಲಿ, ಕೊಲ್ಹಾಪುರ, ಜಿನಕಂಚಿಗಳ ಜೊತೆಗೆ ನಾಲ್ಕು ವಿದ್ಯಾಸ್ಥಾನಗಳಲ್ಲಿ ಒಂದೆಂದು ಎಣಿಸುತ್ತದೆ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ್ದನ್ನು ಇಂದಿಗೂ ಶಾಸ್ತ್ರದಾನವೆಂದು ಕೊಂಡಾಡುತ್ತೇವೆ. ಪರೀಕ್ಷೆ ಮುಗಿಸಿದ ಮಕ್ಕಳ ಇಂಗ್ಲಿಷ್ ಪುಸ್ತಕ, ವ್ಯಾಕರಣ, ನಿಘಂಟುಗಳು ರದ್ದಿಯವನ ತಕ್ಕಡಿಗೆ ಹೋಗದೆ ಸಮಾಜದ ಇನ್ನೊಂದು ಮನೆಗೆ ಹೋಗಲಿ. ಕಾಲೇಜು ಮುಗಿಸಿದ ಅಕ್ಕ ಅಣ್ಣಂದಿರು ಭಾನುವಾರ ಒಂದು ಗಂಟೆ ಕೂತು ಚಿಕ್ಕವರ ಪ್ರಬಂಧ ತಿದ್ದಿಕೊಡಲಿ. ಮುಂದಿನ ಪರೀಕ್ಷೆಗೆ ಇನ್ನೂ ದಿನಗಳಿವೆ; ಇವತ್ತು ಸಂಜೆಯಿಂದಲೇ ಆರಂಭಿಸಬಹುದು.